ಆಟ ಮುಗಿಯದಿದ್ದರೆ ಇನ್ನೊಂದು ದಿನ ಮುಗಿಸಲಿ ಬಿಡಿ

ಎಲ್ಲರಿಗೂ ನಮಸ್ಕಾರ. ಒಬ್ಬ ಆಟಗಾರ ಒಂದೇ ಪಂದ್ಯದಲ್ಲಿ ಎರಡೂ ತಂಡಗಳ ಪರ ಆಡೋಕೆ ಆಗುತ್ತಾ? ಆಗುತ್ತೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಡ್ಯಾನಿ ಜಾನ್ಸೆನ್ ಹಾಗೆ ಆಡಿದ್ದಾರೆ.

2024ರ ಜೂನ್ 26. ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ಪಂದ್ಯ. ಬೇಸ್‌ಬಾಲ್‌ನಲ್ಲಿ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್, ಅಂಥ ಒಂಬತ್ತು ಸೇರಿದರೆ ಒಂದು ಪಂದ್ಯ. ಆಗ ನಡೀತಿದ್ದದ್ದು ಎರಡನೇ ಇನಿಂಗ್ಸ್. ಟೊರಾಂಟೊ ಪರ ಜಾನ್ಸೆನ್ ಬ್ಯಾಟ್ ಹಿಡಿದು ನಿಂತಿದ್ದಾರೆ. ಒಂದು ಸ್ಟ್ರೈಕ್ ಆಗಿದೆ, ಮೂರಾದರೆ ಔಟ್. ಅಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಪಂದ್ಯ ರದ್ದಾಗಲಿಲ್ಲ. ನಿಂತಲ್ಲಿಂದಲೇ ಮುಂದುವರಿಸೋಣ ಎಂದು ಆಗಸ್ಟ್ 26ಕ್ಕೆ ಇಟ್ಟರು.

ಈ ಎರಡು ತಿಂಗಳ ನಡುವೆ ಟೊರಾಂಟೊ ತಂಡ ಜಾನ್ಸೆನ್ ಅವರನ್ನು ಬಿಟ್ಟುಕೊಟ್ಟಿತು. ಯಾರಿಗೆ? ಬಾಸ್ಟನ್‌ಗೇ!

ಆಗಸ್ಟ್ 26ಕ್ಕೆ ಪಂದ್ಯ ಮತ್ತೆ ಶುರುವಾಯಿತು. ಸ್ಕೋರ್ ಪುಸ್ತಕದ ಪ್ರಕಾರ ಕ್ರೀಸ್‌ನಲ್ಲಿ ಇರಬೇಕಾದವರು ಟೊರಾಂಟೊದ ಜಾನ್ಸೆನ್. ಆದರೆ ಅದೇ ಜಾನ್ಸೆನ್ ಈಗ ಬಾಸ್ಟನ್ ಜೆರ್ಸಿ ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಬ್ಯಾಟರ್ ಹಿಂದೆ ಕ್ಯಾಚರ್ ಆಗಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಾವೇ ಅರ್ಧಕ್ಕೆ ಬಿಟ್ಟುಹೋದ ಬ್ಯಾಟಿಂಗ್‌ಗೆ ತಾವೇ ಕ್ಯಾಚರ್. ಅವರ ಬದಲಿಗೆ ಡಾಲ್ಟನ್ ವಾರ್ಶೋ ಬ್ಯಾಟ್ ಹಿಡಿದು ಬಂದರು, ಔಟಾಗಿ ಹೋದರು. ಮೇಜರ್ ಲೀಗ್‌ನ ನೂರೈವತ್ತು ವರ್ಷಗಳ ಹತ್ತಿರದ ಇತಿಹಾಸದಲ್ಲಿ ಹೀಗೆ ಎರಡೂ ಕಡೆ ಆಡಿದ ಮೊದಲ ಮನುಷ್ಯ ಇವರೇ.

ಇಂಥ ಕಥೆಗಳು ನನಗೆ ತುಂಬಾ ಇಷ್ಟ. ಇವು ಎಲ್ಲಿಂದ ಹುಟ್ಟುತ್ತವೆ ಅಂತ ಯೋಚಿಸಿದರೆ ಉತ್ತರ ಸಿಗೋದು ಕಷ್ಟವಲ್ಲ. ಬೇಸ್‌ಬಾಲ್‌ಗೆ ಪುರುಸೊತ್ತು ಜಾಸ್ತಿ. ಮೇಜರ್ ಲೀಗ್‌ನಲ್ಲಿ ಒಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತೆ. ಹೆಚ್ಚುಕಮ್ಮಿ ದಿನಾ ಆಟ. ಸಮಬಲವಾದರೆ ಇನ್ನೊಂದು ಇನಿಂಗ್ಸ್, ಅದೂ ಸಮವಾದರೆ ಮತ್ತೊಂದು. ಈ ಪುರುಸೊತ್ತಿಗೆ ಈಗ ಕತ್ತರಿ ಬೀಳುತ್ತಿದೆ. ಅದರ ಬಗ್ಗೆ ನನಗೆ ನಿಜವಾಗಲೂ ಬೇಜಾರಿದೆ.

ಆ ಬೇಜಾರು ಅರ್ಥವಾಗಬೇಕಾದರೆ 1981ಕ್ಕೆ ಹೋಗಬೇಕು. ಏಪ್ರಿಲ್ 18, ಶನಿವಾರ ರಾತ್ರಿ. ರೋಡ್ ಐಲೆಂಡ್ ರಾಜ್ಯದ ಪಟಕೆಟ್ ಊರು, ಮೆಕಾಯ್ ಸ್ಟೇಡಿಯಂ. ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮೈನರ್ ಲೀಗ್ ಪಂದ್ಯ. ಪಟಕೆಟ್ ರೆಡ್ ಸಾಕ್ಸ್‌ಗೆ ಎದುರಾಳಿ ರೋಚೆಸ್ಟರ್ ರೆಡ್ ವಿಂಗ್ಸ್. ದೀಪಗಳ ತೊಂದರೆಯಿಂದ ಆಟ ಶುರುವಾಗಿದ್ದೇ ತಡ. ಒಂಬತ್ತು ಇನಿಂಗ್ಸ್ ಮುಗಿದಾಗ 1-1. ಮುಂದಕ್ಕೆ ಯಾರೂ ರನ್ ಹೊಡೆಯುತ್ತಿಲ್ಲ. 21ನೇ ಇನಿಂಗ್ಸ್‌ನಲ್ಲಿ ರೋಚೆಸ್ಟರ್ ಒಂದು ರನ್ ಗಳಿಸಿತು. ಸದ್ಯ ಮುಗೀತಲ್ಲ ಅನ್ನುವಷ್ಟರಲ್ಲಿ ಪಟಕೆಟ್‌ನ ವೇಡ್ ಬಾಗ್ಸ್ ಬಾರಿಸಿ ಮತ್ತೆ ಸಮ ಮಾಡಿಬಿಟ್ಟರು. ಚಳಿಯಲ್ಲಿ ನಡುಗುತ್ತಿದ್ದ ತಮ್ಮದೇ ತಂಡದವರಿಗೆ ಖುಷಿಯ ಜೊತೆ ಸಂಕಟವೂ ಆಗಿರಬೇಕು.

ಮೈ ಕೊರೆಯುವ ಗಾಳಿ. ಆಟಗಾರರು ಮುರಿದ ಬ್ಯಾಟುಗಳನ್ನು ಸುಟ್ಟು ಮೈ ಕಾಯಿಸಿಕೊಂಡರು. ಮಧ್ಯರಾತ್ರಿ ದಾಟಿದ ಮೇಲೆ ಇಂತಿಷ್ಟು ಹೊತ್ತಿಗೆ ಆಟ ನಿಲ್ಲಿಸಬೇಕು ಅನ್ನುವ ನಿಯಮ ಲೀಗ್‌ನಲ್ಲಿ ಇತ್ತು. ಆದರೆ ಆ ವರ್ಷ ಅಂಪೈರ್‌ಗಳ ಕೈಗೆ ಕೊಟ್ಟ ನಿಯಮಪುಸ್ತಕದಲ್ಲಿ ಆ ಸಾಲೇ ಬಿಟ್ಟುಹೋಗಿತ್ತು. ಪುಸ್ತಕದಲ್ಲಿ ಇಲ್ಲ ಅಂದಮೇಲೆ ಆಡಲೇಬೇಕಲ್ವಾ? ಆಡಿದರು. ಕೊನೆಗೆ ಲೀಗ್ ಅಧ್ಯಕ್ಷರು ಫೋನಿನಲ್ಲಿ ಸಿಕ್ಕಿ ನಿಲ್ಲಿಸಿ ಎಂದಾಗ 32 ಇನಿಂಗ್ಸ್ ಆಗಿತ್ತು. ಹೊತ್ತು ಬೆಳಗಿನ ಜಾವ 4 ಗಂಟೆ 7 ನಿಮಿಷ. ಸ್ಕೋರ್ 2-2. ಅವತ್ತು ಈಸ್ಟರ್ ಭಾನುವಾರ. ಶುರುವಿನಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದ ಮೈದಾನದಲ್ಲಿ ಉಳಿದಿದ್ದವರು 19 ಜನ. ಅವರಿಗೆಲ್ಲ ತಂಡ ಪಾಸ್ ಕೊಟ್ಟು ಗೌರವಿಸಿತು. ಕೊಡಲೇಬೇಕಿತ್ತು!

ಈ ರಾತ್ರಿಯ ಒಂದು ಕಥೆ ಪಟಕೆಟ್‌ನ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ, ಲೂಯಿಸ್ ಅಪೋಂಟೆ ಅವರದ್ದು. ಅವರ ಸರದಿ ಬೇಗ ಮುಗಿದಿತ್ತು, ಅಪರಾತ್ರಿಯಲ್ಲಿ ಮನೆಗೆ ಹೋಗಲು ಅನುಮತಿ ಸಿಕ್ಕಿತು. ಹೋಗಿ ಬಾಗಿಲು ಬಡಿದರು. ಇಷ್ಟು ಹೊತ್ತು ಎಲ್ಲಿದ್ದೆ ಅಂತ ಹೆಂಡತಿ ಕೇಳಿದರು. ಮೈದಾನದಲ್ಲಿ ಆಟ ಇನ್ನೂ ನಡೀತಿದೆ ಅಂದರು. ಆಕೆ ನಂಬಲಿಲ್ಲ. ಬೆಳಗ್ಗೆ ಪೇಪರ್ ನೋಡು ಅಂದರೆ, ಪೇಪರ್‌ನಲ್ಲೂ ಸುದ್ದಿ ಇಲ್ಲ. ಪೇಪರ್ ಅಚ್ಚಿಗೆ ಹೋಗುವ ಹೊತ್ತಿಗೆ ಆಟವೇ ಮುಗಿದಿರಲಿಲ್ಲ.

ಉಳಿದ ಆಟ ನಡೆದಿದ್ದು ಜೂನ್ 23ಕ್ಕೆ. ಆಗ ಮೇಜರ್ ಲೀಗ್ ಆಟಗಾರರು ಮುಷ್ಕರದಲ್ಲಿದ್ದರು, ಹಾಗಾಗಿ ದೇಶದ ಪತ್ರಕರ್ತರೆಲ್ಲ ಈ ಪುಟ್ಟ ಮೈದಾನಕ್ಕೆ ಬಂದು ಸೇರಿದರು. ಅವರಿಗೆ ನೋಡಲು ಸಿಕ್ಕಿದ್ದು ಬರೀ 18 ನಿಮಿಷ. 33ನೇ ಇನಿಂಗ್ಸ್‌ನಲ್ಲೇ ಡೇವ್ ಕೋಜಾ ಹೊಡೆದ ಹಿಟ್‌ನಿಂದ ಪಟಕೆಟ್ 3-2ರಲ್ಲಿ ಗೆದ್ದಿತು. ಒಟ್ಟು ಆಟ 8 ಗಂಟೆ 25 ನಿಮಿಷ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಪಂದ್ಯ ಇಲ್ಲ. ಬೇಸ್‌ಬಾಲ್ ಮೈದಾನದ ನಾಲ್ಕು ಮೂಲೆಗಳಿಗೆ ಬೇಸ್ ಅನ್ನುತ್ತಾರೆ, ಅವನ್ನು ಸುತ್ತಿ ಹೊರಟ ಹೋಮ್ ಬೇಸ್‌ಗೇ ವಾಪಸ್ ಬಂದರೆ ಒಂದು ರನ್. ಆ ರಾತ್ರಿ ಪಟಕೆಟ್ ಪರ ಮೂರನೇ ಬೇಸ್ ಕಾದವರು ಬಾಗ್ಸ್, ರೋಚೆಸ್ಟರ್ ಪರ ಮೂರನೇ ಬೇಸ್ ಕಾದವರು ಕ್ಯಾಲ್ ರಿಪ್ಕನ್ ಜೂನಿಯರ್. ಮುಂದೆ ಇಬ್ಬರೂ ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಸೇರಿದರು. ಪಾಪ, ರೋಚೆಸ್ಟರ್‌ನ ಡಲ್ಲಾಸ್ ವಿಲಿಯಮ್ಸ್ 13 ಸಲ ಪ್ರಯತ್ನಿಸಿ ಒಂದೂ ಹಿಟ್ ಇಲ್ಲದೆ ವಾಪಸ್ ಹೋದರು. ಅದೂ ದಾಖಲೆ ಪುಸ್ತಕದಲ್ಲಿದೆ.

ಈಗ ಇಂಥ ರಾತ್ರಿ ಬರುವುದೇ ಕಷ್ಟ. ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಒಬ್ಬ ರನ್ನರ್‌ನನ್ನು, ಅಂದರೆ ರನ್‌ಗಾಗಿ ಓಡುವವನನ್ನು, ಪುಕ್ಕಟೆ ನಿಲ್ಲಿಸುತ್ತಾರೆ. ಮೈನರ್ ಲೀಗ್‌ಗಳಲ್ಲಿ 2018ರಿಂದ, ಮೇಜರ್ ಲೀಗ್‌ನಲ್ಲಿ 2020ರಿಂದ. 2023ರಲ್ಲಿ ಇದನ್ನು ಕಾಯಂ ಮಾಡಿದರು. ರನ್ ಬೇಗ ಬರುತ್ತೆ, ಆಟ ಬೇಗ ಮುಗಿಯುತ್ತೆ. ಪಿಚರ್‌ಗಳ ತೋಳು ಉಳಿಯಬೇಕು ಅನ್ನೋದು ಕಾರಣ. ಆ ಕಾರಣವನ್ನು ನಾನು ತಳ್ಳಿಹಾಕಲ್ಲ. ಪಿಚರ್ ಇಂತಿಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ, 2023ರಲ್ಲೇ ಬಂದ ಪಿಚ್ ಕ್ಲಾಕ್ ಕೂಡ ನನಗೆ ಒಪ್ಪಿಗೆ. ಅದರಿಂದ ಒಂದು ಪಂದ್ಯ ಸುಮಾರು 24 ನಿಮಿಷ ಚಿಕ್ಕದಾಯಿತು. ಹೋಗಿದ್ದು ಗ್ಲೌಸ್ ಸರಿಮಾಡಿಕೊಳ್ಳುವ, ಸುಮ್ನೆ ಅತ್ತಿತ್ತ ಓಡಾಡುವ ಸಮಯ. ಆದರೆ ದುಡಿದು ಗಳಿಸದ ಬೇಸ್‌ನಲ್ಲಿ ಒಬ್ಬನನ್ನು ತಂದು ನಿಲ್ಲಿಸೋದು ಆಟವನ್ನೇ ಬದಲಿಸಿದ ಹಾಗೆ.

ಪ್ಲೇಆಫ್‌ಗಳಲ್ಲಿ ಈ ನಿಯಮ ಇಲ್ಲ ಅನ್ನೋದನ್ನೂ ಗಮನಿಸಿ. 2018ರ ಫೈನಲ್ ಸರಣಿ, ಅಂದರೆ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ 18 ಇನಿಂಗ್ಸ್ ನಡೆಯಿತು, 7 ಗಂಟೆ 20 ನಿಮಿಷ. ಇವತ್ತಿಗೂ ಜನ ಅದರ ಬಗ್ಗೆ ಮಾತಾಡುತ್ತಾರೆ. ದೊಡ್ಡ ಪಂದ್ಯಕ್ಕೆ ಬೇಡದ ರನ್ನರ್ ಮಾಮೂಲಿ ಪಂದ್ಯಕ್ಕೆ ಯಾಕೆ ಬೇಕು?

ಮಾಮೂಲಿ ಪಂದ್ಯ ಅಂದೆ ನೋಡಿ, ಅಲ್ಲೇ ಸ್ವಾರಸ್ಯ ಇರೋದು. 1987ರ ಆಗಸ್ಟ್ ಕೊನೆ, ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್. ಅಲ್ಲಿನ ಬಿಲ್ಸ್ ಅನ್ನುವ ಮೈನರ್ ಲೀಗ್ ತಂಡಕ್ಕೆ ಗೆದ್ದರೂ ಸೋತರೂ ವ್ಯತ್ಯಾಸ ಇಲ್ಲದ ದಿನಗಳು. ಆ ತಂಡದ ಕ್ಯಾಚರ್ ಡೇವ್ ಬ್ರೆಸ್ನಹನ್ ಒಂದು ಆಲೂಗಡ್ಡೆಯ ಸಿಪ್ಪೆ ಹೆರೆದು ಚೆಂಡಿನಷ್ಟೇ ಬೆಳ್ಳಗೆ, ಗುಂಡಗೆ ಮಾಡಿಟ್ಟುಕೊಂಡರು. ಎದುರಾಳಿ ರೆಡಿಂಗ್ ತಂಡದ ಒಬ್ಬ ರನ್ನರ್ ಮೂರನೇ ಬೇಸ್‌ನಲ್ಲಿದ್ದ. ಗ್ಲೌಸ್ ಕಿತ್ತುಹೋಗಿದೆ ಅಂತ ಹೇಳಿ ಬ್ರೆಸ್ನಹನ್ ಬೇರೆ ಗ್ಲೌಸ್ ತಂದರು. ಅದರೊಳಗೆ ಆಲೂಗಡ್ಡೆ. ಪಿಚರ್ ಎಸೆದ ಚೆಂಡು ಹಿಡಿದವರೇ ಆಲೂಗಡ್ಡೆಯನ್ನು ಮೂರನೇ ಬೇಸ್ ಕಾಯುವವನ ತಲೆ ಮೇಲಿಂದ ಎಸೆದರು. ಚೆಂಡು ತಪ್ಪಿತು ಅಂದುಕೊಂಡ ರನ್ನರ್ ಆರಾಮಾಗಿ ಹೋಮ್ ಬೇಸ್ ಕಡೆ ಓಡಿಬಂದ. ಅಲ್ಲಿ ಬ್ರೆಸ್ನಹನ್ ನಿಜವಾದ ಚೆಂಡು ಹಿಡಿದು ಕಾದಿದ್ದರು! ಔಟ್ ಮಾಡಲು ಅದನ್ನು ರನ್ನರ್‌ಗೆ ಮುಟ್ಟಿಸಿದರು.

ಅಂಪೈರ್ ಒಪ್ಪಲಿಲ್ಲ, ರನ್ ಕೊಟ್ಟರು. ತಂಡ 50 ಡಾಲರ್ ದಂಡ ಹಾಕಿತು. ಮರುದಿನ ಕೆಲಸವೇ ಹೋಯಿತು. ಅಲ್ಲಿಗೆ ಅವರ ಆಟದ ಬದುಕು ಮುಗಿಯಿತು. ಊರು ಮಾತ್ರ ಅವರನ್ನು ಮರೆಯಲಿಲ್ಲ. ಮರುವರ್ಷ ಅದೇ ತಂಡ ಅವರನ್ನು ಕರೆಸಿ, ಅವರ 59ನೇ ನಂಬರ್ ಜೆರ್ಸಿಯನ್ನು ಇನ್ನು ಯಾರಿಗೂ ಕೊಡಲ್ಲ ಅಂತ ಗೌರವಿಸಿತು. ಸ್ಟಾರ್‌ಗಳಿಗೆ ಸಲ್ಲುವ ಮರ್ಯಾದೆ ಅದು.

ಇಂಥ ಊರುಗಳ ಸಂಖ್ಯೆಯೂ ಇಳಿಯುತ್ತಿದೆ. ಮೇಜರ್ ಲೀಗ್‌ನವರು 2021ರ ಸೀಸನ್‌ಗೆ ಮೊದಲು ತಮ್ಮ ಜೊತೆಗಿದ್ದ ಮೈನರ್ ತಂಡಗಳನ್ನು 160ರಿಂದ 120ಕ್ಕೆ ಇಳಿಸಿದರು. ಅದೇ ವರ್ಷ ಪಟಕೆಟ್ ತಂಡ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ಗೆ ಹೋಯಿತು. ಬಾಸ್ಟನ್ ಕಡೆ ಇರುವ ನಮ್ಮ ಕನ್ನಡಿಗರು ಬಿಡುವಿದ್ದಾಗ ಅಲ್ಲಿನ ಪೋಲಾರ್ ಪಾರ್ಕ್‌ಗೆ ಹೋಗಿ, ದೊಡ್ಡ ಲೀಗ್ ಸೇರಲು ಒದ್ದಾಡುವ ಹುಡುಗರ ಆಟ ನೋಡಿ.

ಪಿಚರ್‌ಗಳ ತೋಳು ಉಳಿಸೋಕೆ ಹಳೆಯ ದಾರಿಯೇ ಇದೆ. ರಾತ್ರಿ ಒಂದು ಗಂಟೆಯಾದರೆ ಆಟ ನಿಲ್ಲಿಸಿ. ಎಲ್ಲರೂ ಮನೆಗೆ ಹೋಗಲಿ. ಅದೇ ಎರಡು ತಂಡ ಮತ್ತೆ ಸಿಕ್ಕಾಗ ನಿಂತ ಚೆಂಡಿನಿಂದ ಮುಂದುವರಿಸಿ. ಪಟಕೆಟ್‌ನಲ್ಲಿ ಹಾಗೇ ಮಾಡಿದರು. ಜಾನ್ಸೆನ್ ಪಂದ್ಯಕ್ಕೂ ಹಾಗೇ ಮಾಡಿದರು. ಆ ಪುಕ್ಕಟೆ ರನ್ನರ್‌ನನ್ನು ಎರಡನೇ ಬೇಸ್‌ನಿಂದ ವಾಪಸ್ ಕರೆಸಿಕೊಳ್ಳಿ. ನಿಮಗೇನನ್ನಿಸುತ್ತೆ, ಕೆಳಗೆ ಬರೆದು ತಿಳಿಸಿ.