ಗ್ರೀನ್ ಕಾರ್ಡ್: ಕಾಯುವುದಕ್ಕೂ ಬಿಲ್ ಬರುತ್ತದೆ

ನಮಸ್ಕಾರ. ಇವತ್ತು ದುಡ್ಡಿನ ಮಾತು. ಅಮೆರಿಕದಲ್ಲಿ ಕೆಲಸದ ಮೂಲಕ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ನಮ್ಮವರನ್ನು ಕೇಳಿ ನೋಡಿ. ತಮ್ಮ ಪ್ರಯಾರಿಟಿ ಡೇಟನ್ನು, ಅಂದರೆ ಕ್ಯೂನಲ್ಲಿ ತಮ್ಮ ಜಾಗ ಹೇಳುವ ದಿನಾಂಕವನ್ನು, ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆ ಡೇಟ್ ಕರೆಂಟ್ ಆದ, ಅಂದರೆ ಸರದಿ ಬಂದ ತಿಂಗಳು ಕೈಯಲ್ಲಿ ಎಷ್ಟು ದುಡ್ಡಿರಬೇಕು ಅಂದರೆ ಮಾತ್ರ ಉತ್ತರ ಬರುವುದಿಲ್ಲ. "ಒಂದೂವರೆ ಸಾವಿರ ಡಾಲರ್ ಇರಬಹುದು" ಅನ್ನುತ್ತಾರೆ. ಅದು ಒಬ್ಬರ ಲೆಕ್ಕ, ಅದೂ ಒಂದೇ ಫಾರ್ಮಿಗೆ.

ಒಂದು ಮನೆಯ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಹತ್ತು ವರ್ಷದ ಮಗು. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಲ್ಲಿ ಐ-485ಗೆ, ಅಂದರೆ ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿಗೆ, ದೊಡ್ಡವರಿಗೆ ತಲಾ 1,440 ಡಾಲರ್. ಅಪ್ಪ ಅಮ್ಮನ ಜೊತೆಗೇ ಫೈಲ್ ಮಾಡುವ 14 ವರ್ಷದೊಳಗಿನ ಮಗುವಿಗೆ 950. ಅಲ್ಲಿಗೆ 3,830 ಆಯಿತು. ಕೆಲಸದ ಪರವಾನಗಿ, ಅಂದರೆ ಈಎಡಿ, ತಲಾ 260. ಇಬ್ಬರಿಗೆ 520. ವಿದೇಶಕ್ಕೆ ಹೋಗಿ ಬರಲು ಅಡ್ವಾನ್ಸ್ ಪೆರೋಲ್ ತಲಾ 630. ಮೂವರಿಗೆ 1,890. ಎಲ್ಲ ಸೇರಿಸಿದರೆ 6,240 ಡಾಲರ್. ವಕೀಲರ ಫೀಸು, ಡಾಕ್ಟರ ಫೀಸು ಇದರಲ್ಲಿ ಇಲ್ಲ.

ಇದೇ ಮನೆಯವರು 2024ರ ಮಾರ್ಚ್‌ನಲ್ಲಿ ಫೈಲ್ ಮಾಡಿದ್ದರೆ? ಬಯೋಮೆಟ್ರಿಕ್ಸ್ (ಬೆರಳಚ್ಚು, ಫೋಟೋ) ಶುಲ್ಕ ಸೇರಿ ದೊಡ್ಡವರಿಗೆ 1,225, ಮಗುವಿಗೆ 750. ಒಟ್ಟು 3,200. ಈಎಡಿ, ಪೆರೋಲ್ ಎರಡೂ ಅದರೊಳಗೇ ಬರುತ್ತಿದ್ದವು. ಮುಖ್ಯ ಶುಲ್ಕ ಸ್ವಲ್ಪವೇ ಏರಿತು ಅಂತ ಅನ್ನಿಸುತ್ತದೆ. ಆದರೆ ಜೊತೆಗಿದ್ದದ್ದನ್ನು ಬೇರೆ ಮಾಡಿ ಮಾರಿದ್ದರಿಂದ ಬಿಲ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ನನಗೆ ಸಿಟ್ಟು ಬರುವುದು ಇದಕ್ಕಲ್ಲ. ಈ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್ ನಡೆಯುವುದೇ ಅರ್ಜಿದಾರರ ಶುಲ್ಕದಿಂದ. ಅದರ ಖರ್ಚಿನ ಸುಮಾರು 96 ಶೇಕಡ ಹೀಗೆ ಬರುತ್ತದೆ, ತೆರಿಗೆಯಿಂದಲ್ಲ. ಶುಲ್ಕ ಏರುತ್ತದೆ, ಒಪ್ಪೋಣ. ಸಿಟ್ಟು ಬರುವುದು ನವೀಕರಣದ ವಿಷಯಕ್ಕೆ. 2023ರ ಸೆಪ್ಟೆಂಬರ್‌ನಲ್ಲಿ ಈಎಡಿ ಅವಧಿಯನ್ನು 5 ವರ್ಷಕ್ಕೆ ಏರಿಸಿದ್ದರು. 2025ರ ಡಿಸೆಂಬರ್‌ನಲ್ಲಿ ಅದನ್ನು 18 ತಿಂಗಳಿಗೆ ಇಳಿಸಿದರು. ಭಾರತದಲ್ಲಿ ಹುಟ್ಟಿದವರ ಐ-485 ವರ್ಷಗಟ್ಟಲೆ ಪೆಂಡಿಂಗ್ ಇರುತ್ತದೆ, ಅಲ್ವಾ? ಒಂದು ದೇಶಕ್ಕೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿಯಿಂದ ಆಗುವ ತಡ ಅದು. ನಾವು ಮಾಡಿದ ತಡ ಅಲ್ಲ. ಆದರೂ ಐದು ವರ್ಷ ಕಾದರೆ ಮೂರು ಸಲ ನವೀಕರಣ. ಇಬ್ಬರಿಗೆ 1,560 ಡಾಲರ್. 2024ರ ಏಪ್ರಿಲ್‌ಗೆ ಮುಂಚೆ ಹಳೇ ಶುಲ್ಕ ಕಟ್ಟಿ ಫೈಲ್ ಮಾಡಿದವರಿಗೆ ಅದೇ ನವೀಕರಣ ಉಚಿತ. ಅದೇ ಕ್ಯೂ, ಅದೇ ಕಾಯುವಿಕೆ. ತಡ ಸರ್ಕಾರದ್ದು, ಬಿಲ್ ನಮ್ಮದು. ಇದು ನ್ಯಾಯ ಅಂತ ನನಗೆ ಯಾವ ಕಡೆಯಿಂದಲೂ ಅನ್ನಿಸುವುದಿಲ್ಲ.

ಆದ್ದರಿಂದ ಅರ್ಜಿಗೆ ಮಾತ್ರ ದುಡ್ಡಿಟ್ಟರೆ ಸಾಲದು, ಕಾಯುವ ವರ್ಷಗಳಿಗೂ ಇಡಿ. ಅದಕ್ಕೇ ಒಂದು ಬೇರೆ ಸೇವಿಂಗ್ಸ್ ಖಾತೆ ತೆಗೆದು ಇವತ್ತಿನಿಂದಲೇ ತಿಂಗಳಿಗಿಷ್ಟು ಹಾಕಿ. ಯಾಕಂದರೆ ಯಾವ ಡೇಟಿನವರ ಸರದಿ ಬಂತು ಅಂತ ಸರ್ಕಾರ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ಡೇಟ್ ಯಾವಾಗ ಹಾರುತ್ತದೆ ಅಂತ ಮುಂಚಿತವಾಗಿ ಗೊತ್ತಾಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಇಬಿ-3 (ಕೆಲಸದ ಮೂಲಕ ಸಿಗುವ ಗ್ರೀನ್ ಕಾರ್ಡಿನ ಮೂರನೇ ವರ್ಗ) ಭಾರತದ ಫೈಲಿಂಗ್ ಡೇಟ್, ಅಂದರೆ ಅರ್ಜಿ ಹಾಕಲು ಬಿಡುವ ಡೇಟ್, ಒಮ್ಮೆಲೇ 2015ರ ಜನವರಿಗೆ ಹಾರಿದಾಗ ಜನ ವಾರಗಳೊಳಗೆ ಎಲ್ಲ ಹೊಂದಿಸಬೇಕಾಯಿತು. ಒಂದು ತಿಂಗಳು ತೆರೆದ ಬಾಗಿಲು ಮುಂದಿನ ತಿಂಗಳು ಮುಚ್ಚಬಹುದು.

ಇಲ್ಲಿ ಇನ್ನೊಂದು ಅಪಾಯ ಇದೆ. ಶುಲ್ಕದಲ್ಲಿ ತಪ್ಪಾದರೆ ಇಡೀ ಪ್ಯಾಕೆಟ್ ವಾಪಸ್ ಬರುತ್ತದೆ. 2025ರ ಅಕ್ಟೋಬರ್ 28ರ ನಂತರ ಅಂಚೆಯಲ್ಲಿ ಕಳಿಸುವ ಅರ್ಜಿಗಳಿಗೆ ಸಾಮಾನ್ಯವಾಗಿ ಚೆಕ್, ಮನಿ ಆರ್ಡರ್ ನಡೆಯುವುದಿಲ್ಲ. ಕಾರ್ಡ್ ಆದರೆ ಜಿ-1450 ಫಾರ್ಮ್, ಬ್ಯಾಂಕ್ ಖಾತೆ ಆದರೆ ಜಿ-1650. ಕಾರ್ಡಿನ ಲಿಮಿಟ್ ಸಾಲದೆ ಪೇಮೆಂಟ್ ನಿಂತರೆ, ಅದು ಸರಿಹೋಗುವಷ್ಟರಲ್ಲಿ ಡೇಟ್ ಹಿಂದೆ ಹೋಗಿರಬಹುದು. ಕಳಿಸುವ ಮುಂಚೆ ಬ್ಯಾಂಕಿಗೆ ಫೋನ್ ಮಾಡಿ, ಇಂಥ ಮೊತ್ತ ಹೋಗುತ್ತದೆ ಅಂತ ಹೇಳಿಡಿ. ಪ್ರತಿ ಫಾರ್ಮಿಗೂ ಬೇರೆ ಪೇಮೆಂಟ್ ಹಾಕಿ. ಕಳಿಸುವ ದಿನ ಜಿ-1055 ಶುಲ್ಕ ಪಟ್ಟಿಯನ್ನು ಮತ್ತೆ ತೆರೆದು ನೋಡಿ. ನನ್ನ ಈ ಮಾತನ್ನೂ ನಂಬಿ ಕೂರಬೇಡಿ, ದರ ಬದಲಾಗುತ್ತಿರುತ್ತದೆ.

ಎಲ್ಲಿ ಉಳಿಸಬಹುದು? ನನ್ನನ್ನು ಕೇಳಿದರೆ ಈಎಡಿ ಬಿಡಬೇಡಿ. ಕೆಲಸ ಹೋದ ದಿನ ಅದು ಬೇಕಾಗುತ್ತದೆ. ಪೆರೋಲ್ ಬಗ್ಗೆ ಮಾತ್ರ ಯೋಚಿಸಿ. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಮನೆಯವರ ವೀಸಾ) ಮೇಲೇ ಇದ್ದು ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪಿಂಗ್ ಚಾಲ್ತಿಯಲ್ಲಿದ್ದರೆ ಅದರ ಮೇಲೇ ಹೋಗಿ ಬರಬಹುದು, ಐ-485ಗೆ ತೊಂದರೆ ಇಲ್ಲ. ಆ 1,890ನ್ನು ಖಾತೆಯಲ್ಲೇ ಇಟ್ಟುಕೊಂಡು ಬೇಕಾದಾಗ ಅರ್ಜಿ ಹಾಕಿ. ವಕೀಲರನ್ನು ಒಮ್ಮೆ ಕೇಳಿಕೊಂಡೇ ಮಾಡಿ.

ಐ-485ಗೆ ಬೇಕಾದ ಮೆಡಿಕಲ್ ಪರೀಕ್ಷೆಗೆ ಸರ್ಕಾರದ ದರ ಇಲ್ಲ, ಒಬ್ಬೊಬ್ಬ ಸಿವಿಲ್ ಸರ್ಜನ್ (ಇದಕ್ಕೆಂದೇ ಯುಎಸ್‌ಸಿಐಎಸ್ ಗೊತ್ತುಮಾಡಿದ ಡಾಕ್ಟರು) ಒಂದೊಂದು ಹೇಳುತ್ತಾರೆ. ನಾಲ್ಕು ಕಡೆ ವಿಚಾರಿಸಿ. ಲಸಿಕೆಗಳನ್ನು ಮೊದಲೇ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ, ಇನ್ಶೂರೆನ್ಸ್ ಕೊಡುವ ಕಡೆ ಹಾಕಿಸಿಕೊಳ್ಳಿ.

ಕಂಪನಿ ವಿಷಯ. ಪರ್ಮ್ ಹಂತದ, ಅಂದರೆ ಆ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ಕಂಪನಿ ತೋರಿಸುವ ಮೊದಲ ಹಂತದ, ಜಾಹೀರಾತು ಮತ್ತು ಕಂಪನಿಯ ವಕೀಲರ ಖರ್ಚು ಕಂಪನಿಯದ್ದೇ. 2007ರಿಂದ ಅದು ನಿಯಮ. ಸಂಬಳದಿಂದ ಹಿಡಿಯುವಂತಿಲ್ಲ. ಐ-485 ಹಾಗಲ್ಲ, ಅದನ್ನು ನಿಮ್ಮ ತಲೆಗೆ ಹಾಕಬಹುದು. ಹೆಂಡತಿ ಮಕ್ಕಳ ಶುಲ್ಕ ಕೊಡುತ್ತೀರಾ, ನವೀಕರಣಕ್ಕೆ ಕೊಡುತ್ತೀರಾ ಅಂತ ಈಗಲೇ ಈಮೇಲ್‌ನಲ್ಲಿ ಕೇಳಿ. ಸಂಕೋಚ ಬೇಡ. ಬೇರೆ ಕೆಲಸಕ್ಕೆ ಹೋಗುವಾಗ ಆಫರ್ ಮಾತಾಡುವ ಹೊತ್ತಿಗೇ ಕೇಳಿ.

ಇನ್ನು, "ದುಡ್ಡು ಕೊಟ್ಟರೆ ಐ-485 ಬೇಗ ಮಾಡಿಸುತ್ತೇನೆ" ಅನ್ನುವವರಿಗೆ ಒಂದು ಡಾಲರ್ ಕೊಡಬೇಡಿ. ಹೆಚ್ಚು ಶುಲ್ಕ ಕಟ್ಟಿ ಬೇಗ ಮಾಡಿಸುವ ಪ್ರೀಮಿಯಂ ಪ್ರೊಸೆಸಿಂಗ್ ಇರುವುದು ಐ-140ಗೆ, ಅಂದರೆ ಐ-485ಗೆ ಮುಂಚೆ ಕಂಪನಿ ಹಾಕುವ ಅರ್ಜಿಗೆ. ಐ-485ಗೆ ಇಲ್ಲ.

ಕೊನೆಯದಾಗಿ, ಶುಲ್ಕದ ಪ್ರಸ್ತಾವ ಬಂದಾಗ ಫೆಡರಲ್ ರಿಜಿಸ್ಟರ್‌ನಲ್ಲಿ (ಅಮೆರಿಕ ಸರ್ಕಾರದ ಗೆಜೆಟ್) ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ವೋಟು ಇಲ್ಲದವರೂ ಬರೆಯಬಹುದು. 2023ರ ಜನವರಿಯ ಪ್ರಸ್ತಾವದಲ್ಲಿ ಇದೇ ಈಎಡಿಗೆ 650 ಡಾಲರ್ ಅಂತ ಇತ್ತು. ಜನ ಬರೆದು ಆಕ್ಷೇಪಿಸಿದರು. ಅಂತಿಮ ನಿಯಮದಲ್ಲಿ ಅದು 260ಕ್ಕೆ ಇಳಿಯಿತು. ಮುಂದಿನ ಪ್ರಸ್ತಾವ ಬಂದಾಗ 18 ತಿಂಗಳ ಈಎಡಿ ನಿಮ್ಮ ಮನೆಗೆ ಎಷ್ಟು ಖರ್ಚು ತಂದಿದೆ ಅಂತ ಅಂಕಿ ಸಮೇತ ಬರೆಯಿರಿ.