ಎಂಜಿನ್‌ಗೂ ಕಾರಿಗೂ ಜಾತಕ ಕೂಡಿದೆಯಾ?

ಕೇಳುಗರಿಗೆ ನಮಸ್ಕಾರ.

ಹಳೇ ಬೈಕೋ ಕಾರೋ ಕೊಂಡವರಿಗೆ ಪೆನ್ಸಿಲ್ ಪ್ರಿಂಟ್ ಗೊತ್ತಿರುತ್ತದೆ. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅದನ್ನು ಆರ್‌ಸಿ ಜೊತೆ ತಾಳೆ ನೋಡಿದರೆ ನಮ್ಮಲ್ಲಿ ಕೆಲಸ ಮುಗಿಯಿತು. ಅಮೆರಿಕದ ಹಳೇ ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ ಹಾಕಿದ ವೇಗದ ಕಾರುಗಳ, ಹುಚ್ಚಿರುವವರಿಗೆ ಅಲ್ಲಿಂದಲೇ ಕೆಲಸ ಶುರು.

ಅವರ ಬಾಯಲ್ಲಿ ಸದಾ ಒಂದು ಮಾತು, ಮ್ಯಾಚಿಂಗ್ ನಂಬರ್ಸ್. ಅಂದರೆ ಕಾರು ಕಾರ್ಖಾನೆಯ ಗೇಟು ದಾಟಿದ ದಿನ ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಇತ್ತೋ ಇವತ್ತೂ ಅದೇ ಇರಬೇಕು. ಅಂಥ ಕಾರಿಗೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದ ಕಡೆ ಕೈಚಳಕವೂ ಇರುತ್ತದೆ ಅಲ್ವಾ?

ಇವತ್ತು ಒಂದೇ ಕಾರನ್ನು ಹಿಡಿದು ಮಾತಾಡುತ್ತೇನೆ. 1969ರ ಷೆವ್ರೊಲೆ ಕಮಾರೊ ಝಡ್-28. ಆಗ ಅಮೆರಿಕದ ಟ್ರಾನ್ಸ್-ಆಮ್ ಅನ್ನುವ ಕಾರ್ ರೇಸಿನಲ್ಲಿ ಎಂಜಿನ್ 5 ಲೀಟರ್ ಮೀರುವಂತಿರಲಿಲ್ಲ. ಅದಕ್ಕೆ ಸರಿಯಾಗಿ 302 ಘನ ಇಂಚಿನ, ಅಂದರೆ 5 ಲೀಟರಿಗೆ ತುಸು ಕಡಿಮೆಯ, ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿ ಈ ಕಾರನ್ನು ಮಾಡಿದರು. ಕಾಗದದ ಮೇಲೆ 290 ಹಾರ್ಸ್‌ಪವರ್. ಆ ಮಾದರಿ ವರ್ಷ ತಯಾರಾದ 2,43,085 ಕಮಾರೊಗಳಲ್ಲಿ ಝಡ್-28 ಆಗಿದ್ದವು 20,302 ಮಾತ್ರ, ಅಂದರೆ ಸುಮಾರು ಹನ್ನೆರಡಕ್ಕೆ ಒಂದು. ಉಳಿದ ಹನ್ನೊಂದರಲ್ಲಿ ಯಾವುದಕ್ಕೆ ಬೇಕಾದರೂ ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿ ಝಡ್-28 ಅಂತ ನಿಲ್ಲಿಸಬಹುದು.

ಚಾಸಿ ನಂಬರ್ ನೋಡಿದರೆ ಗೊತ್ತಾಗುವುದಿಲ್ಲವೇ ಅಂತ ಕೇಳುತ್ತೀರಿ. ಇಲ್ಲ, ತೊಡಕು ಇರುವುದೇ ಅಲ್ಲಿ. ವಿಂಡ್‌ಶೀಲ್ಡ್ ಒಳಗೆ ಡ್ರೈವರ್ ಬದಿಯಲ್ಲಿ ಕಾಣುವ 13 ಅಕ್ಷರಗಳಲ್ಲಿ ಮೊದಲು ಬರುವ 124 ಅಂದರೆ ಷೆವ್ರೊಲೆ, ಕಮಾರೊ, ವಿ8. 37 ಅಂದರೆ ಕೂಪೆ, ಎರಡು ಬಾಗಿಲಿನದು. 9 ಅಂದರೆ 1969. ಎನ್ ಇದ್ದರೆ ಓಹಾಯೊದ ನಾರ್‌ವುಡ್ ಕಾರ್ಖಾನೆ, ಎಲ್ ಇದ್ದರೆ ಲಾಸ್ ಏಂಜಲೀಸ್. ಆಮೇಲೆ ಸರಣಿ ಸಂಖ್ಯೆ. ವಿ8 ಅನ್ನುತ್ತದೆಯೇ ಹೊರತು ಯಾವ ವಿ8 ಅಂತ ಹೇಳುವುದಿಲ್ಲ. ಹಾಗಾಗಿ ಎಂಜಿನ್ನೇ ಬಾಯಿಬಿಡಬೇಕು.

ಕೆಲವು ವರ್ಷಗಳ ಹಿಂದೆ ಓಹಾಯೊದಲ್ಲಿದ್ದಾಗ ಗೆಳೆಯನೊಬ್ಬನ ಜೊತೆ ಇಂಥದೊಂದು ಕಾರು ನೋಡಲು ಹೋಗಿದ್ದೆ. ಕಿತ್ತಳೆ ಬಣ್ಣ, ಬಿಳಿ ಪಟ್ಟೆ, ಕಣ್ಣು ಕುಕ್ಕುವ ಹೊಳಪು. ಒರಿಜಿನಲ್ ಎಂಜಿನ್ ಅಂತ ಮಾರುವವರು ಮೂರು ಸಲ ಹೇಳಿದರು. ಮೂರನೇ ಸಲಕ್ಕೇ ನನಗೆ ಸ್ವಲ್ಪ ಅನುಮಾನ ಬಂತು ಅನ್ನಿ.

ನಮ್ಮ ಕೈಯಲ್ಲಿ ಟಾರ್ಚು, ಹಿಡಿಕೆ ಇರುವ ಪುಟ್ಟ ಕನ್ನಡಿ, ಚಿಂದಿ ಬಟ್ಟೆ, ಪೆನ್ಸಿಲ್. ಎಂಜಿನ್ನಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಬದಿಯ ಸಿಲಿಂಡರ್ ಹೆಡ್ ಮುಂದೆ, ಎರಡು ಬೆರಳಗಲದ ಸಮತಟ್ಟು ಜಾಗ ಇರುತ್ತದೆ. ಆಲ್ಟರ್ನೇಟರ್ ಮರೆಯಲ್ಲಿ ಗ್ರೀಸು, ಧೂಳು ಕೂತಿರುತ್ತದೆ. ಒರೆಸಿ ನೋಡಿದೆ. ವಿ0312ಡಿಝಡ್ ಅಂತಿತ್ತು. ವಿ ಅಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0312 ಅಂದರೆ ಮಾರ್ಚ್ 12, ಡಿಝಡ್ ಅನ್ನುವುದು ಆ ವರ್ಷದ 302ರದೇ ಗುರುತು. ಪಕ್ಕದಲ್ಲೇ ಚಾಸಿ ನಂಬರಿನ ಕೊನೆಯ ಭಾಗವೂ ಇತ್ತು, ಡ್ಯಾಶ್‌ಬೋರ್ಡಿನದಕ್ಕೆ ತಾಳೆಯಾಯಿತು. "ಏನೋ, ಸರಿ ಇದೆಯಾ?" ಅಂತ ಗೆಳೆಯ ಆಗಲೇ ಕುಣಿಯುತ್ತಿದ್ದ. "ತಡಿಯೋ ಮಾರಾಯ" ಅಂದೆ.

ಯಾಕೆಂದರೆ ಆ ಜಾಗ ಕನ್ನಡಿಯ ಹಾಗೆ ನುಣುಪಾಗಿತ್ತು. ಕಾರ್ಖಾನೆಯಲ್ಲಿ ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ಎರಕದ ತುಂಡಿನ, ಮೇಲ್ಮೈ ಹೆರೆಯುವಾಗ ಬ್ರೋಚಿಂಗ್ ಯಂತ್ರ ಕೂದಲಿನಷ್ಟು ಸಣ್ಣ ನೇರ ಗೆರೆಗಳನ್ನು ಬಿಡುತ್ತದೆ, ಮುಂದಿನಿಂದ ಹಿಂದಕ್ಕೆ, ಒಂದರ ಪಕ್ಕ ಒಂದು, ಬಾಚಣಿಗೆ ಎಳೆದ ಹಾಗೆ. ನಂಬರ್ ಹೊಡೆಯುವುದು ಆ ಗೆರೆಗಳ ಮೇಲೆ. ಹಳೇ ನಂಬರ್ ಉಜ್ಜಿ ಹೊಸದು ಹೊಡೆದರೆ ಗೆರೆಗಳೂ ಹೋಗುತ್ತವೆ. ಉಪ್ಪುಕಾಗದದಲ್ಲಿ ಗೆರೆ ಎಳೆದು ಮೋಸ ಮಾಡುವವರೂ ಇದ್ದಾರೆ, ಅದು ಬೇರೆ ಮಾತು. ಹಾಗಂತ ಗೆರೆ ಇಲ್ಲ ಅಂದ ಮಾತ್ರಕ್ಕೆ ಕಳ್ಳತನ ಅಂತಲೂ ಅಲ್ಲ. ಎಂಜಿನ್ ಬಿಚ್ಚಿ ರಿಪೇರಿ ಮಾಡುವಾಗ ಮೇಲ್ಮೈ ಹೆರೆದಿರಬಹುದು. ಆದರೆ ಹಾಗೆ ಹೆರೆದಾಗ ನಂಬರೂ ಅಳಿಸಬೇಕಿತ್ತಲ್ಲ? ಇಲ್ಲಿ ಗೆರೆ ಇಲ್ಲ, ನಂಬರ್ ಮಾತ್ರ ನಿನ್ನೆ ಹೊಡೆದಷ್ಟು ಚೊಕ್ಕ.

ಆಮೇಲೆ ಕನ್ನಡಿ ಹಿಡಿದು ಎಂಜಿನ್ನಿನ ಹಿಂಬದಿ ನೋಡಿದೆ. ಗೇರ್‌ಬಾಕ್ಸ್ ಸೇರುವ ಅಂಚಿನಲ್ಲಿ ಎರಕ ಹೊಯ್ದ ತಾರೀಕು ಉಬ್ಬಿಕೊಂಡಿರುತ್ತದೆ. ಇದು ಹೊಡೆದದ್ದಲ್ಲ, ಅಚ್ಚಿನಲ್ಲೇ ಬಂದದ್ದು, ತಿದ್ದುವುದು ಕಷ್ಟ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹೀಗೆ. ಅಲ್ಲಿದ್ದದ್ದು ಇ 7 9. ಅಂದರೆ 1969ರ ಮೇ 7. ಬಾನೆಟ್ಟಿನ ಕೆಳಗೆ ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯ, ಮೇಲಿನ ತಗಡಿನಲ್ಲಿ ಬಾಡಿಯ ತಾರೀಕು 03ಬಿ, ಅಂದರೆ ಮಾರ್ಚ್ ಎರಡನೇ ವಾರ. ಮದುವೆಯಾಗಿ ಎರಡು ತಿಂಗಳಾದ ಮೇಲೆ ಮದುಮಗ ಹುಟ್ಟಿದ್ದಾನೆ!

ಕ್ರಮ ಹೀಗಿರಬೇಕು: ಮೊದಲು ಬ್ಲಾಕಿನ ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಈ ಕಾರಿಗೆ ಹಾಕುತ್ತಿದ್ದ ಮ್ಯೂನ್ಸಿ ಗೇರ್‌ಬಾಕ್ಸಿಗೂ ಅದೇ ಲೆಕ್ಕ. ಅದರ ಮೇಲೆ ಪಿ ಅಕ್ಷರ, ವರ್ಷ, ತಿಂಗಳು, ದಿನ ಇರುತ್ತದೆ, ಚಾಸಿ ನಂಬರಿನ ತುಣುಕೂ ಇರುತ್ತದೆ. ಹಿಂದಿನ ಆಕ್ಸಲ್‌ಗೆ ಚಾಸಿ ನಂಬರ್ ಇಲ್ಲ, ಕೋಡು ಮತ್ತು ತಾರೀಕು ಮಾತ್ರ. ಇನ್ನು 302 ಎಂಜಿನ್ನಿನಲ್ಲೂ ಬರುವ ಎರಕದ ಅಚ್ಚಿನ ನಂಬರ್ 3970010 ಕಂಡ ಕೂಡಲೇ ಹಿಗ್ಗಬೇಡಿ. ಅದೇ ನಂಬರಿನ ಬ್ಲಾಕು ಮಾಮೂಲಿ 350 ಘನ ಇಂಚಿನ ಎಂಜಿನ್ನುಗಳಲ್ಲೂ ರಾಶಿ ರಾಶಿ ಬಂದಿದೆ.

ಸಿಇ ಅಂತ ಹೊಡೆದಿರುವ ಬ್ಲಾಕು ಸಿಕ್ಕಿದರೆ ಅದು ವಾರಂಟಿಯಲ್ಲಿ ಕಂಪನಿಯೇ ಬದಲಿಸಿದ್ದು. ರೇಸಿಗೆ ಓಡಿಸಿದ ಕಾರುಗಳ ಎಂಜಿನ್ ಒಡೆಯುವುದು ಸಾಮಾನ್ಯ. ನನ್ನನ್ನು ಕೇಳಿದರೆ ಸಿಇ ಇರುವ ಕಾರಿನ ಮೇಲೆ ನನಗೆ ಗೌರವವೇ ಜಾಸ್ತಿ, ಸುಳ್ಳು ಹೇಳುವುದಿಲ್ಲ ನೋಡಿ.

ಕಾಗದ ಪತ್ರ ಇದ್ದರೆ ಪುಣ್ಯ. ವಾರಂಟಿ ಪುಸ್ತಕದ ಜೊತೆ ಪ್ರೊಟೆಕ್ಟ್-ಓ-ಪ್ಲೇಟ್ ಅಂತ ಪುಟ್ಟ ಲೋಹದ ಹಾಳೆ ಕೊಡುತ್ತಿದ್ದರು. ಚಾಸಿ ನಂಬರ್, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡುಗಳೆಲ್ಲ ಅದರಲ್ಲಿ ಉಬ್ಬಿರುತ್ತವೆ. ನಾರ್‌ವುಡ್ ಕಾರಾದರೆ 1968ರ ಡಿಸೆಂಬರ್ ಸುಮಾರಿನಿಂದ ಫೈರ್‌ವಾಲ್ ತಗಡಿನಲ್ಲೇ ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್-28. ನಾವು ನೋಡಿದ ಕಾರು ನಾರ್‌ವುಡ್‌ನದೇ. ತಗಡಿನಲ್ಲಿ ಇದ್ದದ್ದು ಎಕ್ಸ್44, ಅಂದರೆ ಸಾದಾ ಕಮಾರೊ.

ಇಷ್ಟನ್ನೂ ತೋರಿಸಿದಾಗ ಆ ಮನುಷ್ಯ "ನಾನು ಕೊಂಡಾಗಲೇ ಹೀಗಿತ್ತು" ಅಂದರು. ನಿಜವೂ ಇರಬಹುದು. ಸಾದಾ ಕಮಾರೊ ಬೆಲೆಗೆ ಕೊಡುತ್ತೀರಾ ಅಂತ ಗೆಳೆಯ ಕೇಳಿದ. ಕೊಡಲಿಲ್ಲ. ಮೂರು ವಾರ ಬಿಟ್ಟು ಜಾಹೀರಾತು ಮತ್ತೆ ಬಂತು. ಈ ಸಲ ಒರಿಜಿನಲ್ ಎಂಜಿನ್ ಅನ್ನುವ ಮಾತು ಇರಲಿಲ್ಲ. ಬೆಲೆ ಮಾತ್ರ ಅಷ್ಟೇ ಇತ್ತು.

ನಮಸ್ಕಾರ.