ಕ್ರಿಸ್ಮಸ್ ಹೊತ್ತಿಗೆ ಹಳೇ ಮನೆ

ಕೇಳುಗರೇ, ನಮಸ್ಕಾರ.

ಡಿಸೆಂಬರ್ ಬಂತೆಂದರೆ ಹಳೇ ಮನೆಯಲ್ಲಿ ಇರುವವರಿಗೆ ಗೋಡೆಗಳು ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳುತ್ತವೆ. ವರ್ಷವಿಡೀ ಅಲ್ಲೇ ಇದ್ದ ಬಿರುಕು, ಮೂಲೆಯ ಕಲೆ, ಸರಿಯಾಗಿ ಮುಚ್ಚದ ಬಾಗಿಲು, ಎಲ್ಲವೂ ಬರಲಿರುವ ನೆಂಟರ ಕಣ್ಣಿಗೆ ಹೇಗೆ ಕಂಡೀತು ಅಂತ ಯೋಚನೆ ಶುರುವಾಗುತ್ತದೆ. 25ರ ಒಳಗೆ ಎಲ್ಲ ಸರಿಮಾಡಿಬಿಡೋಣ ಅಂತ ಹೊರಡುತ್ತೇವೆ. ನಾನೂ ಹಾಗೇ ಹೊರಟಿದ್ದೆ.

ನಮ್ಮ ನಡುಮನೆಯ ಗೋಡೆಯ ಬುಡದಲ್ಲಿ ಒಂದು ತೇವದ ಕಲೆ ಇತ್ತು. ಹಬ್ಬಕ್ಕೆ ಉಳಿದದ್ದು ಹತ್ತು ದಿನ. ಕೆರೆದೆವು, ಪುಟ್ಟಿ ಹಾಕಿದೆವು, ಎರಡು ಕೋಟ್ ಬಣ್ಣ ಬಳಿದೆವು. ಕ್ರಿಸ್ಮಸ್ ರಾತ್ರಿ ಗೋಡೆ ಚೆನ್ನಾಗಿಯೇ ಇತ್ತು. ಫೆಬ್ರವರಿ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು, ಹಾಳೆ ಹಾಳೆಯಾಗಿ ಕಳಚಿತು, ಒಳಗಿನ ಪುಟ್ಟಿ ಪುಡಿಪುಡಿಯಾಗಿ ಉದುರಿತು. ನೀರು ಬರುತ್ತಿದ್ದದ್ದು ಗೋಡೆಯ ಆಚೆ ಒಡೆದಿದ್ದ ಮಳೆನೀರಿನ ಪೈಪಿನಿಂದ. ಅದನ್ನು ಸರಿಮಾಡಲು ಒಂದು ಬೆಳಗ್ಗೆ ಸಾಕಿತ್ತು. ನಮ್ಮ ಗಮನವೆಲ್ಲ ಒಳಗಿನ ಕಲೆಯ ಮೇಲೇ ಇದ್ದದ್ದರಿಂದ ಹೊರಗೆ ಹೋಗಿ ನೋಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅದಕ್ಕೇ ಇವತ್ತು ಒಂದು ಮಾತು ಹೇಳಬೇಕು ಅನ್ನಿಸಿದೆ. ಹಬ್ಬದ ದಿನ ನಮ್ಮ ಕ್ಯಾಲೆಂಡರಿನಲ್ಲಿದೆ, ಗೋಡೆಗೆ ಅದರದ್ದೇ ಲೆಕ್ಕ ಇದೆ. ಹೊಸ ಸಿಮೆಂಟ್ ಪ್ಲಾಸ್ಟರ್‌ಗೆ ಮೊದಲ ಏಳು ದಿನವಾದರೂ ನೀರು ಹೊಡೆದು ಕ್ಯೂರಿಂಗ್ ಮಾಡಬೇಕು, ಆಮೇಲೆ ಅದು ಒಣಗಬೇಕು. ಬಣ್ಣ ಬಳಿಯುವ ಮೊದಲು ಸಾಮಾನ್ಯವಾಗಿ ಒಟ್ಟು 28 ದಿನ ಬಿಡುತ್ತಾರೆ. ಡಿಸೆಂಬರ್ 25ರಿಂದ ಹಿಂದಕ್ಕೆ ಎಣಿಸಿ ನೋಡಿ, ನವೆಂಬರ್ 27ಕ್ಕೆ ಬಂದು ನಿಲ್ಲುತ್ತೀರಿ. ಕ್ರಿಸ್ಮಸ್‌ಗೆ ಸಿದ್ಧವಾಗುವ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಎಲ್ಲೋ ಒಂದು ಕಡೆ ಬೀಳುತ್ತದೆ, ಗೊತ್ತಲ್ವಾ? ಅಂದರೆ ಆ ಭಾನುವಾರ, ಮೊದಲ ಮೇಣದಬತ್ತಿ ಹಚ್ಚುವ ದಿನ, ಪ್ಲಾಸ್ಟರ್ ಇನ್ನೂ ಆಗಿಲ್ಲ ಅಂದರೆ ಆ ಗೋಡೆಯ ಬಣ್ಣ ಈ ಕ್ರಿಸ್ಮಸ್‌ಗೆ ಇಲ್ಲ. ಬಿಟ್ಟುಬಿಡಿ. ಬರೀ ಪ್ಲಾಸ್ಟರ್ ಗೋಡೆ ಅಂದರೆ ಕೆಲಸ ನಡೀತಿದೆ ಅಂತ ಅರ್ಥ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ತುಂಬಾ ಹಳೇ ಮನೆಯಾದರೆ ಇನ್ನೊಂದು ವಿಷಯ ಇದೆ. ಅಲ್ಲಿ ಸುಣ್ಣದ ಗಾರೆ ಇರುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ, ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗಲು ದಾರಿಯನ್ನೂ ಬಿಡುತ್ತದೆ. ಅವಸರಕ್ಕೆ ಬಿದ್ದು ಅದರ ಮೇಲೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿಹೋಗುತ್ತದೆ. ತೇವ ಬೇರೆ ಕಡೆ ನುಗ್ಗುತ್ತದೆ, ಬಿಳಿ ಉಪ್ಪು ಹೊರಗೆ ಕಾಣಿಸಿಕೊಳ್ಳುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿ.

ತೇವ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದು ಗಾಳಿಯಾಡಲು ಬಿಟ್ಟರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ.

ಹಾಗಾದರೆ ಡಿಸೆಂಬರಿನಲ್ಲಿ ಏನು ಮಾಡಬಹುದು? ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ವೈರಿಂಗ್. ಇದರಲ್ಲಿ ಮಾತ್ರ ರಾಜಿ ಬೇಡ. ಹಳೇ ವೈರಿನ ರಬ್ಬರ್, ಬಟ್ಟೆಯ ಹೊದಿಕೆ ವರ್ಷಗಳು ಕಳೆದಂತೆ ಒಣಗಿ, ಮುಟ್ಟಿದರೆ ಪುಡಿಯಾಗುವ ಹಾಗಾಗಿರುತ್ತದೆ. ಅಂಥ ಮನೆಯಲ್ಲಿ ಒಂದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬೋರ್ಡ್, ಅದಕ್ಕೆ ಇನ್ನೊಂದು ಬೋರ್ಡ್, ಅದಕ್ಕೆ ನಕ್ಷತ್ರ, ಕ್ರಿಸ್ಮಸ್ ಮರದ ದೀಪ, ಹೀಟರ್ ಎಲ್ಲ ಸಿಕ್ಕಿಸಿದರೆ ಗೋಡೆಯೊಳಗೆ ವೈರು ಕಾಯುತ್ತದೆ, ಹೊರಗೆ ನಮಗೆ ಏನೂ ಕಾಣಿಸುವುದಿಲ್ಲ. ಪ್ಲಗ್ಗಿನ ಮುಖ ಮುಟ್ಟಿದರೆ ಬೆಚ್ಚಗಿದೆಯಾ, ದೀಪ ಮಿಣುಕುತ್ತದೆಯಾ, ಸುಟ್ಟ ವಾಸನೆ ಬರುತ್ತಿದೆಯಾ ನೋಡಿಕೊಳ್ಳಿ. ಇದರಲ್ಲಿ ಒಂದು ಕಂಡರೂ ಬಣ್ಣದ ಡಬ್ಬ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ದೀಪಕ್ಕೆ ಎಲ್‌ಇಡಿ ಸರವೇ ಇರಲಿ, ಅದು ಹಳೇ ಬಲ್ಬಿನ ಸರಕ್ಕಿಂತ ತುಂಬಾ ಕಡಿಮೆ ಕರೆಂಟ್ ಎಳೆಯುತ್ತದೆ, ಬಿಸಿಯೂ ಕಡಿಮೆ. ನಿಜವಾದ ಮರ ತಂದು ಒಳಗಿಟ್ಟರೆ ದಿನಾ ನೀರು ಹಾಕಿ, ಒಣಗಿದ ಮರ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬೆಂಕಿಗೂಡು ಇರುವ ಮನೆಯಾದರೆ, ಬಹಳ ದಿನದಿಂದ ಹಚ್ಚದಿದ್ದರೆ, ಚಿಮಣಿ ಗುಡಿಸದೆ ಹಚ್ಚಲೇಬೇಡಿ. ಒಳಗೆ ಕಟ್ಟಿದ ಮಸಿಗೇ ಬೆಂಕಿ ಹತ್ತಬಹುದು, ಹೊಗೆ ಕೋಣೆಗೆ ತಿರುಗಿಕೊಳ್ಳಬಹುದು.

ಇನ್ನು ಹಳೇ ಬಾಗಿಲು, ಕಿಟಕಿಗಳ ಬಣ್ಣ. ಹಿಂದಿನ ಕಾಲದ ಎಷ್ಟೋ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ, ಚಿಕ್ಕ ಮಕ್ಕಳ ಮಿದುಳಿಗೆ ಅದು ವಿಷ. ರಜೆಗೆ ಮಕ್ಕಳೆಲ್ಲ ಮನೆಗೆ ಬರುವ ವಾರದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ, ಪರೀಕ್ಷೆ ಮಾಡಿಸಿದ ಮೇಲೇ ಮುಂದಿನ ಮಾತು. ಹಾಗೆಯೇ ಚಾವಣಿಯಲ್ಲಿ ಆಸ್ಬೆಸ್ಟಾಸ್ ಶೀಟ್ ಇದ್ದರೆ ಕೊರೆಯಬೇಡಿ, ಒಡೆಯಬೇಡಿ.

ಇದೆಲ್ಲ ಮುಗಿದ ಮೇಲೂ ಸಮಯ ಉಳಿದರೆ ಒಂದೇ ಒಂದು ಕೋಣೆ ಆರಿಸಿಕೊಳ್ಳಿ. ಎಲ್ಲರೂ ಕೂರುವ ಕೋಣೆ. ಕೀಲಿಗೆ ಎಣ್ಣೆ, ಸಡಿಲವಾದ ಹಲಗೆಗೆ ಒಂದು ತಿರುಪು, ಕಿಟಕಿಯ ಗಾಜು ಒರೆಸುವುದು, ಬಚ್ಚಲಿನ ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್. ಇಷ್ಟರಿಂದಲೇ ಮನೆ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಮಾಡಿಯೇ ನೋಡಬೇಕು.

ಗೋದಲಿ, ಅಂದರೆ ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ ಕಟ್ಟುವಾಗ ನನಗೆ ಪ್ರತಿ ಸಲ ಒಂದು ವಿಷಯ ನೆನಪಾಗುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್‌ ಕ್ರಿಸ್ತನ ಜನನದ ದೃಶ್ಯವನ್ನು ಜನರಿಗೆ ತೋರಿಸಲು ಹುಲ್ಲು, ಎತ್ತು, ಕತ್ತೆ ತರಿಸಿದರು. ಬೇಕಾಗಿದ್ದದ್ದು ಅಷ್ಟೇ. ನಾವೂ ಗೋದಲಿಯ ಗೋಡೆಯನ್ನು ಬೇಕಂತಲೇ ಹಳೆಯದಾಗಿ, ಮಾಡನ್ನು ಮುರುಕಲಾಗಿ ಮಾಡುತ್ತೇವೆ, ಅಲ್ವಾ? ಆಮೇಲೆ ಅದರ ಹಿಂದಿನ ನಿಜವಾದ ಗೋಡೆಯ ಬಿರುಕಿಗೆ ಯಾಕೆ ಅಷ್ಟು ಕೊರಗಬೇಕು?

ಕ್ರಿಸ್ಮಸ್ ಕಾಲವೂ 25ಕ್ಕೇ ಮುಗಿಯುವುದಿಲ್ಲ. ಹನ್ನೆರಡು ದಿನದ ಲೆಕ್ಕ ಹಾಕುವವರಿಗೆ ಜ್ಞಾನಿಗಳು ಶಿಶು ಕ್ರಿಸ್ತನನ್ನು ಕಾಣಲು ಬಂದ ನೆನಪಿನ ಹಬ್ಬವಾದ ಜನವರಿ 6ರವರೆಗೂ ನಕ್ಷತ್ರ ತೂಗುತ್ತಿರುತ್ತದೆ. ಈ ವರ್ಷ ನಾವು ಪೈಪ್ ಸರಿಮಾಡಿದ್ದೇವೆ, ಆ ಗೋಡೆಯನ್ನು ಹಾಗೇ ಒಣಗಲು ಬಿಟ್ಟಿದ್ದೇವೆ. ನೆಂಟರು ಬಂದಾಗ ಅದು ಬೋಳಾಗಿಯೇ ಇರುತ್ತದೆ. ಜನವರಿ 6ರ ಮಾರನೇ ದಿನ ನಕ್ಷತ್ರ ಇಳಿಸಿ, ಅಲ್ಲೇ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇನೆ, ಎರಡು ದಿನ ಬಿಟ್ಟು ನೋಡುತ್ತೇನೆ.

ನಮಸ್ಕಾರ.